ಅಪ್ಪಯ್ಯನ ಕ್ಷೇಮಸಮಾಚಾರ

ಅಪ್ಪಯ್ಯನ ತಿಥಿ ಬರುವುದು ಶ್ರಾವಣದಲ್ಲಿ. 2021ರ ತಿಥಿಗೆ ಕೊರೋನಾದ ಹೆದರಿಕೆಯಿಂದ ನೆಂಟರು ಹೆಚ್ಚು ಬಂದಿರಲಿಲ್ಲ. ಊಟ ಮುಗಿದು, ಬಂದ ನಾಲ್ಕು ಜನರೂ ಮಳೆ ಹೊಳವಾದ ಹೊತ್ತು ನೋಡಿ ಹೊರಟ ಮೇಲೆ ಅಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು, "ಸಣ್ಣಪ್ಪಿ, ಆ ಡಿವಿಡಿ ಹಾಕು. ಅವರನ್ನ ಒಂದ್ಸಲ ನೋಡುವ" ಅಂದಳು.

ಮೂರು ಡಿಸ್ಕುಗಳು. 2006ರಲ್ಲಿ ನಾನೇ ಮಾಡಿದ್ದವು. ಮೇಲೆ ನಮ್ಮ ಮನೆಯ ಚಿತ್ರ ಮುದ್ರಿಸಿ ಅಂಟಿಸಿದ ದುಂಡನೆಯ ಸ್ಟಿಕರ್. ಮೊದಲನೆಯದನ್ನು ಪ್ಲೇಯರಿಗೆ ಹಾಕಿದೆ. ಒಳಗೆ ಅದು ತಿರುಗುವ, ನಿಲ್ಲುವ, ಮತ್ತೆ ತಿರುಗುವ ಸದ್ದು ಕೇಳಿತು. ಕೊನೆಗೆ ಟೀವಿಯ ಮೇಲೆ 'ನೋ ಡಿಸ್ಕ್' ಅಂತ ಬಂತು. ಎರಡನೆಯದೂ ಹಾಗೇ ಆಯಿತು. ಮೂರನೆಯದರಲ್ಲಿ ಶೀರ್ಷಿಕೆ ಮೂಡಿತು. ಅಡಿಕೆ ತೋಟದ ಒಂದು ದೃಶ್ಯ ಚೌಕ ಚೌಕವಾಗಿ ಒಡೆದುಕೊಂಡು ಬಂದು ಅಲ್ಲೇ ನಿಂತುಬಿಟ್ಟಿತು. ಬಟ್ಟೆಯಿಂದ ಒರೆಸಿದೆ, ತೆಗೆದು ಹಾಕಿದೆ, ಮತ್ತೆ ತೆಗೆದು ಹಾಕಿದೆ. ಅಮ್ಮ ಸ್ವಲ್ಪ ಹೊತ್ತು ಕಾದು, "ಇರಲಿ ಬಿಡು, ನಾಳೆ ನೋಡುವ" ಅಂದು ದೇವರಿಗೆ ದೀಪ ಹಚ್ಚಲು ಎದ್ದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಿಸ್ಕು ಹೋಯಿತು ಅನ್ನುವುದಕ್ಕಿಂತ ಬೇರೆಯದೊಂದು ಮಾತು ಕೊರೆಯುತ್ತಿತ್ತು. ಹದಿನೈದು ವರ್ಷದ ಹಿಂದೆ ಆ ಮೂರು ಡಿಸ್ಕುಗಳನ್ನು ಅಮ್ಮನ ಕೈಗೆ ಕೊಡುತ್ತ ನಾನು ಹೇಳಿದ್ದೆ: "ಎಲ್ಲ ಇದರಲ್ಲಿ ಬಂದಿದೆ. ಆ ಕ್ಯಾಸೆಟ್ಟುಗಳನ್ನ ಇನ್ನು ಎಸೆದುಬಿಡು."

* * *

ನಮ್ಮ ಮನೆ ತೀರ್ಥಹಳ್ಳಿಯಿಂದ ಹತ್ತು ಕಿಲೋಮೀಟರ್ ಒಳಗೆ. 1998ರ ದೀಪಾವಳಿಗೆ ಅಮೆರಿಕದಿಂದ ಬಂದ ಅಣ್ಣ ಒಂದು ಹ್ಯಾಂಡಿಕ್ಯಾಮ್ ತಂದಿದ್ದ. ಅಂಗೈ ಅಗಲದ ಕ್ಯಾಮೆರಾ, ಆಡಿಯೋ ಕ್ಯಾಸೆಟ್ಟಿಗಿಂತ ಕೊಂಚ ಚಿಕ್ಕದಾದ ಅದರ ಕ್ಯಾಸೆಟ್ಟು. ಎಂಟು ಮಿಲಿಮೀಟರ್ ಅಗಲದ ಟೇಪಿನ ಮೊದಲ ಹ್ಯಾಂಡಿಕ್ಯಾಮನ್ನು ಸೋನಿ ತಂದದ್ದು 1985ರಲ್ಲಿ. ಅದನ್ನೇ ಸುಧಾರಿಸಿದ ಹೈ8 ಬಂದದ್ದು 1989ರಲ್ಲಿ. ಅಣ್ಣ ತಂದದ್ದು ಹೈ8. ಅದುವರೆಗೆ ನಮ್ಮೂರಿನವರು ವಿಡಿಯೋ ಕ್ಯಾಮೆರಾ ನೋಡಿದ್ದು ಮದುವೆ ಮನೆಗಳಲ್ಲಿ ಮಾತ್ರ. ಹೆಗಲ ಮೇಲೆ ದೊಡ್ಡ ವಿಎಚ್‌ಎಸ್ ಕ್ಯಾಮೆರಾ ಹೊತ್ತವನೊಬ್ಬ, ಅವನ ಹಿಂದೆ ಕಣ್ಣು ಕುಕ್ಕುವ ಲೈಟು ಹಿಡಿದವನೊಬ್ಬ.

ಅಣ್ಣ ಅದನ್ನು ತಂದದ್ದಕ್ಕೆ ಕಾರಣವಿತ್ತು. ಆಗ ಅಮೆರಿಕಕ್ಕೆ ಫೋನು ಮಾಡಿದರೆ ನಿಮಿಷಕ್ಕೆ ಹತ್ತಾರು ರೂಪಾಯಿ. ಅಪ್ಪಯ್ಯ ಬರೆದ ಪತ್ರ ಅವನಿಗೆ ತಲುಪಿ, ಅವನ ಉತ್ತರ ನಮಗೆ ಸಿಗುವ ಹೊತ್ತಿಗೆ ತಿಂಗಳು ಕಳೆದಿರುತ್ತಿತ್ತು. "ಇದರಲ್ಲಿ ಹಿಡಿದು ಕಳಿಸಿ ಅಪ್ಪಯ್ಯ. ನಾನು ಅಲ್ಲಿ ಟೀವಿಗೆ ಹಾಕಿಕೊಂಡು ನೋಡ್ತೇನೆ" ಅಂದ. ಹೀಗೆ ಆ ಕ್ಯಾಮೆರಾ ಮನೆಯಲ್ಲೇ ಉಳಿಯಿತು. ಅಮೆರಿಕದ ಟೀವಿಯ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅಲ್ಲಿಯದು ಸೆಕೆಂಡಿಗೆ ಹೆಚ್ಚುಕಮ್ಮಿ ಮೂವತ್ತು ಚಿತ್ರ, ನಮ್ಮದು ಇಪ್ಪತ್ತೈದು. ಹಾಗಾಗಿ ಅಪ್ಪಯ್ಯ ಹಿಡಿದದ್ದನ್ನು ನಮ್ಮ ಟೀವಿಗೆ ಜೋಡಿಸಿದರೆ ಬಣ್ಣವಿಲ್ಲದ ಚಿತ್ರ ಮೇಲಿಂದ ಕೆಳಗೆ ಉರುಳುತ್ತಿತ್ತು. ನಮ್ಮ ಮನೆಯ ಚಿತ್ರ ನಮ್ಮ ಮನೆಯಲ್ಲಿ ಕಾಣುತ್ತಿದ್ದದ್ದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮಾತ್ರ.

ಅಪ್ಪಯ್ಯ ಮಾತು ಕಡಿಮೆಯ ಮನುಷ್ಯ. ತೋಟ, ಕೊಟ್ಟಿಗೆ, ಸೊಸೈಟಿ, ಇಷ್ಟೇ ಅವರ ಲೋಕ. ಆದರೆ ಪತ್ರ ಬರೆಯುವುದರಲ್ಲಿ ಅವರಿಗೆ ಒಂದು ಶಿಸ್ತಿತ್ತು. ಮೇಲೆ ಸಂವತ್ಸರ, ಮಾಸ, ತಿಥಿ. ಆಮೇಲೆ ಇಲ್ಲಿಯ ಕ್ಷೇಮ, ಅಲ್ಲಿಯ ಕ್ಷೇಮದ ವಿಚಾರಣೆ. ಆಮೇಲೆ ಮಳೆ, ಬೆಳೆ, ದನಕರು. ಕ್ಯಾಮೆರಾ ಕೈಗೆ ಬಂದಾಗಲೂ ಅವರು ಆ ಶಿಸ್ತನ್ನೇ ಹಿಡಿದರು. ಯಾವುದನ್ನೇ ತೆಗೆಯುವ ಮೊದಲು ಕ್ಯಾಮೆರಾವನ್ನು ಮನೆಯೆದುರಿನ ತುಳಸಿಕಟ್ಟೆಗೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಪತ್ರ ಓದಿದ ಹಾಗೆ ಹೇಳುತ್ತಿದ್ದರು: "ದೊಡ್ಡಪ್ಪೀ, ಬಹುಧಾನ್ಯ ಸಂವತ್ಸರ, ಮಾರ್ಗಶಿರ ಮಾಸ, ಎಳ್ಳಮಾವಾಸ್ಯೆ. ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಕ್ಷೇಮ ಅಂತ ತಿಳಿದಿದ್ದೇವೆ. ಈ ವರ್ಷ ಮಳೆಗೆ ತೊಂದರೆ ಇಲ್ಲ. ಕೆಂಪಿ ಹೆಣ್ಣುಗರು ಹಾಕಿದೆ. ಇವತ್ತು ಜಾತ್ರೆಗೆ ಹೊರಟಿದ್ದೇವೆ, ನೋಡು."

ಅದು ಮೊದಲನೆಯ ಕ್ಯಾಸೆಟ್ಟು. ಆಮೇಲೆ ಬರುವುದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ. ತುಂಗೆಯ ಬಂಡೆಗಳ ನಡುವೆ ತೀರ್ಥಸ್ನಾನಕ್ಕೆ ಇಳಿದ ಜನ, ಮರುದಿನದ ರಾಮೇಶ್ವರನ ತೇರು, ಅದರ ಮರುದಿನ ರಾತ್ರಿಯ ತೆಪ್ಪೋತ್ಸವ. ಕತ್ತಲಲ್ಲಿ ಹೊಳೆಯ ಮೇಲೆ ತೇಲುವ ದೀಪಗಳ ಸಾಲು.

ಏಳು ವರ್ಷದಲ್ಲಿ ಅಪ್ಪಯ್ಯ ಹದಿನಾಲ್ಕು ಕ್ಯಾಸೆಟ್ಟು ತುಂಬಿಸಿದರು. ಅಮೆರಿಕಕ್ಕೆ ಹೋಗುವವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಕಳಿಸುತ್ತಿದ್ದರು. ಅಣ್ಣ ನೋಡಿ ಜೋಪಾನ ಮಾಡಿ, ಊರಿಗೆ ಬರುವಾಗ ವಾಪಸು ತರುತ್ತಿದ್ದ. "ಮನೆಯದು ಮನೆಯಲ್ಲೇ ಇರಬೇಕು" ಅನ್ನುತ್ತಿದ್ದ. ಕೊನೆ ಕೊಯ್ಲು, ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುವವರು, ಹಂಡೆಯಲ್ಲಿ ಕುದಿಯುವ ಚೊಗರು, ಅಜ್ಜಿ ಅಪ್ಪೆಮಿಡಿಗೆ ಉಪ್ಪು ಬೆರೆಸುವುದು, ಗದ್ದೆ ನೆಟ್ಟಿ, ಕಂಬಳಿಕೊಪ್ಪೆ ಹೊದ್ದು ಸಾಲಾಗಿ ಬಾಗಿದ ಬೆನ್ನುಗಳು. ಕೊನೆಯ ಕ್ಯಾಸೆಟ್ಟು 2005ರಲ್ಲಿ ನಡೆದ ಅಪ್ಪಯ್ಯನ ಷಷ್ಟ್ಯಬ್ದಿ ಶಾಂತಿಯದು. ಅದನ್ನು ಹಿಡಿದವನು ನಾನು. ಅಪ್ಪಯ್ಯ ಪೂರ್ತಿಯಾಗಿ ಕ್ಯಾಮೆರಾದ ಎದುರು ಇದ್ದದ್ದು ಅದೊಂದರಲ್ಲೇ.

* * *

2006ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಟೇಪು ಬಹಳ ಕಾಲ ಬಾಳುವುದಿಲ್ಲ, ಡಿಸ್ಕಾದರೆ ಶಾಶ್ವತ ಅನ್ನುವ ಮಾತು ಎಲ್ಲ ಕಡೆ ಕೇಳುತ್ತಿತ್ತು. ಡಿಸ್ಕನ್ನು ಯಾವ ಹೆಡ್ಡೂ ಉಜ್ಜುವುದಿಲ್ಲ, ಬೆಳಕು ಅದನ್ನು ಮುಟ್ಟದೆ ಓದುತ್ತದೆ, ಹಾಗಾಗಿ ಸವೆಯುವ ಪ್ರಶ್ನೆಯೇ ಇಲ್ಲ ಅಂತ ನಾನೂ ನಂಬಿದ್ದೆ. ಎಸ್.ಪಿ. ರಸ್ತೆಯಲ್ಲಿ ಒಂದು ಟೀವಿ ಟ್ಯೂನರ್ ಕಾರ್ಡು ಕೊಂಡು ಕಂಪ್ಯೂಟರಿಗೆ ಹಾಕಿಸಿದೆ. ಊರಿಂದ ಕ್ಯಾಮೆರಾ ಮತ್ತು ಹದಿನಾಲ್ಕೂ ಕ್ಯಾಸೆಟ್ಟು ತಂದೆ.

ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ಒಂದು ಕಡತವನ್ನು ಇನ್ನೊಂದು ಕಡೆಗೆ ನಕಲು ಮಾಡಿದಷ್ಟು ಬೇಗ ಟೇಪನ್ನು ನಕಲು ಮಾಡಲಾಗುವುದಿಲ್ಲ. ಕ್ಯಾಮೆರಾದ ಒಳಗೆ ನಿಮಿಷಕ್ಕೆ 1800 ಸುತ್ತು ತಿರುಗುವ ಒಂದು ಡ್ರಮ್ಮು, ಅದನ್ನು ಓರೆಯಾಗಿ ಸುತ್ತಿಕೊಂಡು ನಿಧಾನವಾಗಿ ಸಾಗುವ ಕೂದಲಿಗಿಂತ ತೆಳುವಾದ ಟೇಪು. ಡ್ರಮ್ಮಿನ ಹೆಡ್ಡುಗಳು ಆ ಟೇಪಿನ ಮೇಲಿನ ಓರೆಗೆರೆಗಳನ್ನು ಒಂದೊಂದಾಗಿ ಓದಬೇಕು. ಎರಡು ಗಂಟೆಯ ಕ್ಯಾಸೆಟ್ಟಿಗೆ ಎರಡು ಗಂಟೆಯೇ ಬೇಕು. ಆಫೀಸಿನಿಂದ ಬಂದು ಹಳದಿ, ಬಿಳಿ, ಕೆಂಪು ಪಿನ್ನುಗಳ ಕೇಬಲ್ ಸಿಕ್ಕಿಸಿ, ಪ್ಲೇ ಒತ್ತಿ, ಅಡುಗೆಗೆ ಹೋಗುತ್ತಿದ್ದೆ. ಕರೆಂಟು ಹೋದರೆ ಮೊದಲಿನಿಂದ. ಕಂಪ್ಯೂಟರು ಬಿಸಿಯಾಗಿ ಚಿತ್ರಗಳನ್ನು ನುಂಗಿದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತಿತ್ತು, ಆಗಲೂ ಮೊದಲಿನಿಂದ. ಡಿವಿಡಿಗೆ ಹೊಂದುವ ರೂಪಕ್ಕೆ ಅದನ್ನು ಕುಗ್ಗಿಸಲು ರಾತ್ರಿಯಿಡೀ ಬೇಕು. ನಾನು ಆ ಕ್ಯಾಸೆಟ್ಟುಗಳ ಜೊತೆ ಒಂದು ದಿನವೂ ಕೂತು ನೋಡಲಿಲ್ಲ. ಓಡಿಸಿ ಓಡಿಸಿ ನೋಡಿದೆ.

ನೋಡಿದಾಗ ನನಗೆ ಕಂಡದ್ದೆಲ್ಲ ವ್ಯರ್ಥ. ಪ್ರತಿ ಸಲವೂ ತುಳಸಿಕಟ್ಟೆ, ಪ್ರತಿ ಸಲವೂ ಅದೇ ಕ್ಷೇಮಸಮಾಚಾರ. ಕ್ಯಾಮೆರಾ ಆರಿಸಲು ಮರೆತು ಜಗಲಿಯ ಮೇಲಿಟ್ಟದ್ದರಿಂದ ಹನ್ನೊಂದು ನಿಮಿಷ ಬರೀ ಅಂಗಳದ ಒಂದು ಮೂಲೆ. ಅಡಿಕೆ ಸುಲಿಯುವವರ ಮುಖಗಳ ಮೇಲೆ ಮುಗಿಯದಷ್ಟು ಹೊತ್ತು ನಿಂತ ಚಿತ್ರ. ಇದನ್ನೆಲ್ಲ ಯಾರು ಕೂತು ನೋಡುತ್ತಾರೆ ಅಂದುಕೊಂಡೆ. ಇಪ್ಪತ್ತೆಂಟು ಗಂಟೆಯನ್ನು ಆರು ಗಂಟೆಗೆ ಇಳಿಸಿದೆ. ತುಳಸಿಕಟ್ಟೆಯ ಮಾತುಗಳನ್ನೆಲ್ಲ ಕತ್ತರಿಸಿದೆ. ಹಲವು ಕಡೆ ಮೂಲದ ಸದ್ದನ್ನು ಅಡಗಿಸಿ ಕೊಳಲಿನ ಸಂಗೀತ ಹಾಕಿದೆ. ಬಣ್ಣದ ಅಕ್ಷರದಲ್ಲಿ ಶೀರ್ಷಿಕೆ ಕೊಟ್ಟೆ. ಮೂರು ಡಿಸ್ಕಿಗೆ ಬರ್ನ್ ಮಾಡಿ, ಸ್ಟಿಕರ್ ಅಂಟಿಸಿ, ಆ ವರ್ಷದ ದೀಪಾವಳಿಗೆ ಊರಿಗೆ ಒಯ್ದೆ. ಅಷ್ಟು ಹೊತ್ತಿಗೆ ಮನೆಗೆ ಎರಡೂ ಪದ್ಧತಿಯ ಚಿತ್ರ ತೋರಿಸುವ ಹೊಸ ಟೀವಿ ಬಂದಿತ್ತು. ಅಪ್ಪಯ್ಯ ತಾವು ತೆಗೆದದ್ದನ್ನು ದೊಡ್ಡ ಪರದೆಯ ಮೇಲೆ ಬಣ್ಣದಲ್ಲಿ ನೋಡಿದ್ದು ಅದೇ ಮೊದಲು.

ಅವರು ಎಲೆ ಅಡಿಕೆ ಹಾಕಿಕೊಂಡು ಮೊದಲ ಡಿಸ್ಕನ್ನು ಪೂರ್ತಿ ನೋಡಿದರು. ಮುಗಿದ ಮೇಲೆ, "ಚೆನ್ನಾಗಿ ಬಂದಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೊದಲಿಗೆ ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತು?" ಅಂತ ಕೇಳಿದರು.

"ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ ಅಪ್ಪಯ್ಯ" ಅಂದೆ.

ಅದು ಸುಳ್ಳು. ಒಂದು ಡಿಸ್ಕಿಗೆ ಎರಡು ಗಂಟೆಯ ಲೆಕ್ಕದಲ್ಲಿ ಹದಿನಾಲ್ಕು ಡಿಸ್ಕು ಸಾಕಿತ್ತು. ಖಾಲಿ ಡಿಸ್ಕಿನ ಬೆಲೆ ಒಂದು ಊಟದ ಬೆಲೆಗಿಂತ ಹೆಚ್ಚಿರಲಿಲ್ಲ. ಅಪ್ಪಯ್ಯ ಮತ್ತೇನೂ ಕೇಳಲಿಲ್ಲ. ಮೂರು ವರ್ಷದ ಮೇಲೆ, 2009ರ ಶ್ರಾವಣದಲ್ಲಿ ತೀರಿಕೊಂಡರು. ಆ ಪ್ರಶ್ನೆ ನನ್ನ ಬಳಿಯೇ ಉಳಿಯಿತು.

* * *

ತಿಥಿಯ ಮರುದಿನ ಬೆಳಿಗ್ಗೆ ಅಮ್ಮನ ಹತ್ತಿರ ಹೇಳಿದೆ. "ಆ ಡಿಸ್ಕು ಹೋಗಿದೆ ಅಮ್ಮ. ಕ್ಯಾಸೆಟ್ಟು ಎಸೆಯದೆ ಇಟ್ಟುಕೊಂಡಿದ್ದರೆ..." ಅಮ್ಮ ಕಾಫಿ ಸೋಸುತ್ತಿದ್ದವಳು ತಿರುಗಿಯೂ ನೋಡದೆ, "ಎಂತಕ್ಕೆ ಎಸೀತೇನೆ? ಅವರ ಕೈಯಲ್ಲಿ ಆದದ್ದಲ್ವಾ?" ಅಂದಳು.

ದೇವರ ಕೋಣೆಯ ಗೋಡೆಗೂಡಿನಿಂದ ಅವಳು ಒಂದು ಸ್ಟೀಲಿನ ಡಬ್ಬ ತೆಗೆದು ತಂದಳು. ಮುಚ್ಚಳ ಬಿಗಿ. ಒಳಗೆ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿದ ಹತ್ತು ಕ್ಯಾಸೆಟ್ಟು. ಪಕ್ಕದಲ್ಲಿ ಒಂದು ಸಣ್ಣ ಬಟ್ಟೆಯ ಗಂಟು. ಗಂಟಿನಲ್ಲಿ ಹುರಿದ ಅಕ್ಕಿ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪು ನೀರಾಗದಿರಲಿ ಅಂತ ಡಬ್ಬದೊಳಗೆ ಅಕ್ಕಿ ಇಡುವುದು ಅವಳಿಗೆ ಗೊತ್ತಿದ್ದ ಉಪಾಯ. ಅದನ್ನೇ ಇಲ್ಲಿಗೂ ಮಾಡಿದ್ದಳು. ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ಆ ಅಕ್ಕಿ ಬದಲಾಯಿಸುತ್ತಿದ್ದಳಂತೆ. ಹದಿನೈದು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ.

ಉಳಿದ ನಾಲ್ಕು ಕ್ಯಾಸೆಟ್ಟುಗಳನ್ನು ನಾನು ಕ್ಯಾಮೆರಾದ ಚೀಲದಲ್ಲೇ ಬಿಟ್ಟಿದ್ದೆ. ಚೀಲ ನಡುಮನೆಯ ಬೀರುವಿನ ಮೇಲಿತ್ತು. ಆ ನಾಲ್ಕರ ಕಿಟಕಿಯಿಂದ ನೋಡಿದರೆ ಸುತ್ತಿದ ಟೇಪಿನ ಅಂಚಿನ ಮೇಲೆ ಬಿಳಿ ಬೂಷ್ಟು. ಒಂದೇ ಮನೆ, ಒಂದೇ ಮಳೆ. ಡಬ್ಬದಲ್ಲಿದ್ದವು ಹೊಸದರಂತೆ ಕಪ್ಪಗೆ ಹೊಳೆಯುತ್ತಿದ್ದವು.

ನಾನು ಆಗಲೇ ಶುರುಮಾಡುವ ಆತುರದಲ್ಲಿದ್ದೆ. ಅಮ್ಮ ಬಿಡಲಿಲ್ಲ. "ಮಳೆಯಲ್ಲಿ ತೆಗೀಬೇಡ. ದೀಪಾವಳಿ ಕಳೀಲಿ" ಅಂದು ಮುಚ್ಚಳ ಹಾಕಿದಳು. ತೇವದ ಗಾಳಿಯಲ್ಲಿ ಟೇಪು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಈ ಕ್ಯಾಮೆರಾಗಳಲ್ಲಿ ತೇವ ಕಂಡರೆ ಎಚ್ಚರಿಸುವ ಒಂದು ಗುರುತು ಇರುವುದೂ ಅದಕ್ಕಾಗಿಯೇ.

ಮಳೆ ನಿಲ್ಲುವವರೆಗೆ ಓದುವುದೇ ಕೆಲಸವಾಯಿತು. ಡಿಸ್ಕು ಯಾಕೆ ಹೋಯಿತು ಅನ್ನುವುದು ಮೊದಲು ಅರ್ಥವಾಯಿತು. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕಿನಲ್ಲಿ ಮಾಹಿತಿ ಅಚ್ಚೊತ್ತಿದ ಗುಳಿಗಳಲ್ಲಿರುತ್ತದೆ. ನಾವು ಮನೆಯಲ್ಲಿ ಬರ್ನ್ ಮಾಡುವ ಡಿಸ್ಕಿನಲ್ಲಿರುವುದು ಒಂದು ತೆಳುವಾದ ಬಣ್ಣದ ಪದರ. ಲೇಸರ್ ಆ ಬಣ್ಣವನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಶಾಖ, ತೇವ ತಾಗಿದರೆ ಆ ಬಣ್ಣ ಕೆಡುತ್ತದೆ. ಅದರ ಮೇಲೆ ನಾನು ಕಾಗದದ ಸ್ಟಿಕರ್ ಅಂಟಿಸಿದ್ದೆ. ಕಾಗದ ಹದಿನೈದು ಮಳೆಗಾಲ ನೀರು ಹೀರಿ, ಹದಿನೈದು ಬೇಸಿಗೆ ಒಣಗಿ ಡಿಸ್ಕನ್ನೇ ಸೊಟ್ಟ ಮಾಡಿತ್ತು. ಅಂದಕ್ಕೆ ಅಂಟಿಸಿದ್ದೇ ಅದಕ್ಕೆ ಮುಳುವಾಯಿತು.

ಇನ್ನೊಂದು ವಿಷಯ ಗೊತ್ತಾಗಿ ಗಾಬರಿಯಾಯಿತು. ಟೇಪು ಉಳಿದರೂ ಅದನ್ನು ಓದುವ ಯಂತ್ರಗಳು ಮುಗಿಯುತ್ತಿದ್ದವು. ಪ್ರಪಂಚದಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿತ್ತು. 2019ರಲ್ಲಿ ಯುನೆಸ್ಕೋ, ಕಾಂತೀಯ ಟೇಪುಗಳಲ್ಲಿರುವುದನ್ನು 2025ರ ಹೊತ್ತಿಗೆ ಬೇರೆಡೆಗೆ ಇಳಿಸದಿದ್ದರೆ ಬಹುಪಾಲು ಕೈತಪ್ಪಿಹೋಗುವ ಅಪಾಯವಿದೆ ಅಂತ ಲೋಕದ ಸಂಗ್ರಹಾಲಯಗಳನ್ನು ಎಚ್ಚರಿಸಿತ್ತು. ನಮ್ಮ ಮನೆಯ ಕ್ಯಾಮೆರಾದ ಸ್ಥಿತಿ ಅದಕ್ಕೆ ಸಾಕ್ಷಿ. ಬ್ಯಾಟರಿ ತೆಗೆದು ನೇರ ಕರೆಂಟು ಕೊಟ್ಟರೂ ಅದರ ಕೆಂಪು ದೀಪ ಹತ್ತಲಿಲ್ಲ.

ಅಣ್ಣನಿಗೆ ಫೋನು ಮಾಡಿದೆ. ನಮಗೆ ಬೇಕಾದದ್ದು ಅಮೆರಿಕದ ಪದ್ಧತಿಯ ಯಂತ್ರ, ಅದು ಸಿಗುವುದು ಅಲ್ಲಿಯೇ. ಸೋನಿ 1999ರಲ್ಲಿ ಡಿಜಿಟಲ್8 ಅನ್ನುವ ಸಾಲಿನ ಕ್ಯಾಮೆರಾ ತಂದಿತ್ತು. ಅವುಗಳಲ್ಲಿ ಕೆಲವು ಹಳೆಯ ಹೈ8 ಕ್ಯಾಸೆಟ್ಟನ್ನು ಓದಿ, ಅಲುಗುವ ಗೆರೆಗಳನ್ನು ಸರಿಪಡಿಸಿ, ಅಂಕಿಗಳಾಗಿಸಿ ಫೈರ್‌ವೈರ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಕೊಡುತ್ತವೆ. ಎಲ್ಲವೂ ಓದುವುದಿಲ್ಲ, ಆರಿಸಿ ಕೊಳ್ಳಬೇಕು. ಅಣ್ಣ ಹುಡುಕಿ ಹುಡುಕಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹಿಡಿದು, ಊರಿಗೆ ಬರುತ್ತಿದ್ದ ಗೆಳೆಯನ ಕೈಯಲ್ಲಿ ಕಳಿಸಿದ. ಅಪ್ಪಯ್ಯನ ಕ್ಯಾಸೆಟ್ಟುಗಳು ಹೋಗುತ್ತಿದ್ದ ದಾರಿಯಲ್ಲೇ, ಎದುರು ದಿಕ್ಕಿನಿಂದ, ಅದು ಬಂತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಕೇಬಲ್ಲಿಗೆ ಜಾಗವೇ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡು ಹಾಕಿಸಿಕೊಂಡು ಕಾರಿನಲ್ಲಿ ಊರಿಗೆ ಒಯ್ದೆ.

* * *

ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ, ಪ್ಲವ ಸಂವತ್ಸರದ ಕಾರ್ತಿಕದಲ್ಲಿ, ಜಗಲಿಯಲ್ಲಿ ಮೇಜು ಹಾಕಿದೆ. ಮೊದಲನೆಯ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿದೆ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ಟೇಪು ಹಾಗೆ ಮಾಡಿದರೆ ಸಡಿಲವಾಗುತ್ತದೆ. ಆಮೇಲೆ ಪ್ಲೇ ಒತ್ತಿದೆ.

ಸ್ವಲ್ಪ ಹೊತ್ತು ಹಿಮದಂಥ ಚುಕ್ಕೆ. ಆಮೇಲೆ ತುಳಸಿಕಟ್ಟೆ. ಗಂಟಲು ಸರಿಮಾಡಿಕೊಳ್ಳುವ ಸದ್ದು. "ದೊಡ್ಡಪ್ಪೀ, ಬಹುಧಾನ್ಯ ಸಂವತ್ಸರ..."

ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಅಮ್ಮನ ಕೈ ನಿಂತಿತು. ಅವಳು ಬಾಗಿಲಿಗೆ ಬಂದು ನಿಂತಳು. ಕೂರು ಅಂದರೂ ಕೂರಲಿಲ್ಲ. ಕ್ಷೇಮಸಮಾಚಾರ ಮುಗಿದು ಜಾತ್ರೆ ಶುರುವಾದ ಮೇಲೆಯೇ ಬಂದು ಕೂತಳು. ಆಮೇಲಿನ ಐದು ವಾರ, ನಾನು ಕ್ಯಾಸೆಟ್ಟು ಹಾಕಿದಾಗಲೆಲ್ಲ, ಅವಳು ನನ್ನ ಪಕ್ಕದ ಮಣೆಯ ಮೇಲಿದ್ದಳು.

ಮೊದಲ ಸಲ ಅಡ್ಡಿ ಅನ್ನಿಸಿದ್ದೇ ಈ ಸಲ ಉಪಕಾರವಾಯಿತು. ಎರಡು ಗಂಟೆಯ ಕ್ಯಾಸೆಟ್ಟಿಗೆ ಎರಡು ಗಂಟೆಯೇ ಬೇಕು, ಓಡಿಸುವ ಹಾಗಿಲ್ಲ. ಅದರಿಂದಾಗಿ ಅಮ್ಮನಿಗೆ ಮಾತಾಡಲು ಎಡೆ ಸಿಕ್ಕಿತು. ನನಗೆ ಬರೀ ಅಡಿಕೆ ಸುಲಿಯುವವರು ಅಂತ ಕಂಡ ಸಾಲಿನಲ್ಲಿ ಅವಳು ಒಬ್ಬೊಬ್ಬರನ್ನೂ ಗುರುತಿಸಿದಳು. ಯಾರ ಸೊಸೆ, ಯಾವ ವರ್ಷ ನಮ್ಮಲ್ಲಿ ಕೆಲಸಕ್ಕೆ ಬಂದಳು, ಯಾರಿಗೆ ಆ ವರ್ಷ ಮಗು ಹುಟ್ಟಿತ್ತು, ಯಾರು ಈಗಿಲ್ಲ. ನಾನು ಒಂದು ನೋಟುಬುಕ್ಕು ತಂದಿಟ್ಟುಕೊಂಡು, ಪರದೆಯ ಮೇಲಿನ ಗಂಟೆ-ನಿಮಿಷದ ಪಕ್ಕದಲ್ಲಿ ಹೆಸರು ಬರೆಯುತ್ತ ಹೋದೆ. ಟೇಪಿನ ಮೇಲೆ ಮುಖ ಇತ್ತು, ಹೆಸರು ಇರಲಿಲ್ಲ. ಹೆಸರು ಇದ್ದದ್ದು ಅಮ್ಮನಲ್ಲಿ. ಅವಳಿಗಾಗ ಎಪ್ಪತ್ತೆರಡು. ಯಂತ್ರ ಮುಗಿಯುವುದರ ಬಗ್ಗೆ ಅಷ್ಟು ಓದಿದ್ದ ನಾನು ಇದನ್ನು ಯೋಚಿಸಿರಲೇ ಇಲ್ಲ.

ಕ್ಯಾಮೆರಾದೊಳಗಿನ ಗಡಿಯಾರದ ಬ್ಯಾಟರಿ ಬೇಗ ಮುಗಿದಿದ್ದರಿಂದ ಹೆಚ್ಚಿನ ಟೇಪುಗಳಲ್ಲಿ ದಿನಾಂಕ ತಪ್ಪು. ಎಲ್ಲಕ್ಕೂ ಜನವರಿ ಒಂದು. ಕ್ಯಾಸೆಟ್ಟಿನ ಮೇಲಿನ ಚೀಟಿಗಳ ಶಾಯಿ ಮಾಸಿತ್ತು. ಆದರೆ ಪ್ರತಿ ಕ್ಯಾಸೆಟ್ಟಿನ ಶುರುವಿನಲ್ಲೂ ತುಳಸಿಕಟ್ಟೆಯಿತ್ತು, ಪ್ರಮಾಥಿ, ವಿಕ್ರಮ, ಚಿತ್ರಭಾನು ಅಂತ ಸಂವತ್ಸರವಿತ್ತು, ಮಾಸ-ತಿಥಿಯಿತ್ತು. ಯಾವುದು ಯಾವ ವರ್ಷದ್ದು ಅಂತ ಹೇಳಿದ್ದು ಅಪ್ಪಯ್ಯನ ಆ ಮಾತುಗಳೇ. 2006ರಲ್ಲಿ ನಾನು ಕತ್ತರಿಸಿ ಎಸೆದದ್ದು ಇದನ್ನು. ವಿಳಾಸ, ದಿನಾಂಕ, ಕ್ಷೇಮ ಎಲ್ಲ ಹರಿದುಹಾಕಿ ಪತ್ರದ ಉಳಿದ ಭಾಗವನ್ನು ಜೋಪಾನ ಮಾಡಿದ್ದೆ.

ಆರಿಸಲು ಮರೆತ ಹನ್ನೊಂದು ನಿಮಿಷವೂ ಬಂತು. ಅಂಗಳದ ಮೂಲೆ, ಒಣಗಲು ಹರಡಿದ ಅಡಿಕೆ, ಒಂದು ಕೋಳಿ ಹಾದುಹೋಗುತ್ತದೆ. ಚಿತ್ರದಲ್ಲಿ ಬೇರೇನಿಲ್ಲ. ಕೇಳಿಸಿಕೊಂಡರೆ ಎಲ್ಲ ಇದೆ. ಒಳಗೆ ಅಜ್ಜಿ ಒರಳು ತಿರುವುತ್ತ ಯಾರನ್ನೋ ಊಟಕ್ಕೆ ಕರೆಯುತ್ತಾಳೆ. ಕೊಟ್ಟಿಗೆಯಲ್ಲಿ ಕೆಂಪಿ ಕೂಗುತ್ತದೆ. ಅಪ್ಪಯ್ಯ ಅಮ್ಮನಿಗೆ, "ಅವನು ಅಲ್ಲಿ ಏನು ಉಣ್ತಾನೋ" ಅನ್ನುತ್ತಾರೆ. ಅಮ್ಮ, "ಬರುವಾಗ ಸಣ್ಣ ಆಗಿದ್ದ" ಅನ್ನುತ್ತಾಳೆ. ಕ್ಯಾಮೆರಾ ಓಡುತ್ತಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ತುಳಸಿಕಟ್ಟೆಯ ಎದುರು ಅಪ್ಪಯ್ಯ ಯಾವತ್ತೂ ಹೇಳದ ಮಾತು ಅದು. ನನ್ನ ಕೊಳಲಿನ ಸಂಗೀತದ ಅಡಿಯಲ್ಲಿ ಇಂಥ ಎಷ್ಟು ಮಾತುಗಳನ್ನು ಹೂತಿದ್ದೆನೋ.

ಗದ್ದೆ ನೆಟ್ಟಿಯ ಟೇಪು ಬಂದ ದಿನ ಅಮ್ಮ ಪರದೆಯ ಹತ್ತಿರ ಬಗ್ಗಿ, "ಇದು ಜೀರಿಗೆ ಸಣ್ಣ" ಅಂದಳು. ಆ ಗದ್ದೆ ಈಗ ಅಡಿಕೆ ತೋಟ. "ಆ ಭತ್ತದ ಬೀಜ ಇದೆಯಾ?" ಅಂತ ಕೇಳಿದೆ.

"ಎಲ್ಲಿಂದ ಬರ್ತದೆ? ಪಣತದಲ್ಲಿ ಇಟ್ಟಿದ್ದೆ, ಹಾಳು ಮಾಡಲಿಲ್ಲ. ಮೂರು ವರ್ಷ ಬಿತ್ತಲಿಲ್ಲ. ಆಮೇಲೆ ಹಾಕಿದರೆ ಹುಟ್ಟಲಿಲ್ಲ" ಅಂದಳು. ಮತ್ತೆ ಪರದೆಯ ಕಡೆ ತಿರುಗಿದಳು.

ಆ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅವಳು ಬೀಜದ ಬಗ್ಗೆ ಹೇಳಿದ್ದು ನನ್ನ ಡಿಸ್ಕಿಗೂ ನಿಜ. ಡಿಸ್ಕು ಶಾಶ್ವತ ಅಂತ ನಂಬಿ ಬೀರುವಿನಲ್ಲಿಟ್ಟೆ, ಹದಿನೈದು ವರ್ಷ ತೆಗೆದು ನೋಡಲಿಲ್ಲ. ಜೋಪಾನವಾಗಿ ಇಟ್ಟದ್ದೇ ಅದು ಸತ್ತದ್ದಕ್ಕೆ ಕಾರಣ. ಕೆಡುತ್ತಿರುವುದು ಐದನೆಯ ವರ್ಷದಲ್ಲಿ ಗೊತ್ತಾಗಿದ್ದರೆ ಇನ್ನೊಂದು ಪ್ರತಿ ಮಾಡಬಹುದಿತ್ತು.

ಕನ್ನಡದ ಹಳೆಯ ಕಾವ್ಯಗಳು ನಮ್ಮವರೆಗೆ ಬಂದದ್ದೂ ಹೀಗೆಯೇ. ಸಾವಿರ ವರ್ಷದ ಹಿಂದಿನ ಕವಿ ತಾನೇ ಬರೆದ ಓಲೆಗರಿ ನಮ್ಮ ಕೈಗೆ ಸಿಕ್ಕಿಲ್ಲ. ಗರಿ ಹುಳ ತಿನ್ನುವ ಮೊದಲು ಯಾರೋ ಇನ್ನೊಂದು ಗರಿಗೆ ಅದನ್ನು ಇಳಿಸಿದರು, ಅದು ಹಳತಾಗುವ ಮೊದಲು ಮತ್ತೊಬ್ಬರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ. ಅದು ದಾನದ ಕಥೆ ಅಂತ ತಿಳಿದಿದ್ದೆ. ಈಗ ಅದರ ಇನ್ನೊಂದು ಮುಖ ಕಾಣುತ್ತದೆ. ಹಲವು ಕಡೆ ಇದ್ದರೆ ಒಂದು ಕಡೆಯಾದರೂ ಉಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಹಾಗೆ ಪ್ರತಿ ಮಾಡಿದ ಲಿಪಿಕಾರರು ಗರಿಯ ಕೊನೆಯಲ್ಲಿ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ ಅಂತ ಸೇರಿಸುವ ರೂಢಿಯಿತ್ತು. ಪ್ರತಿ ಮಾಡುವವನು ತನಗೆ ಬೇಡದ್ದನ್ನು ಬಿಡುತ್ತ ಹೋದರೆ ಮುಂದಿನವರಿಗೆ ಸಿಗುವುದು ಅವನ ರುಚಿ ಮಾತ್ರ. ನನ್ನ ಮೂರು ಡಿಸ್ಕಿನಲ್ಲಿ ಇದ್ದದ್ದು ಅದೇ.

* * *

ಬೂಷ್ಟು ಹಿಡಿದ ನಾಲ್ಕನ್ನು ನಾನು ಮುಟ್ಟಲಿಲ್ಲ. ಹಾಕಿದರೆ ಹೆಡ್ಡು ಕೆಟ್ಟು, ಒಳ್ಳೆಯ ಕ್ಯಾಸೆಟ್ಟುಗಳಿಗೂ ಅಂಟುತ್ತಿತ್ತು. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಹಿರಿಯರೊಬ್ಬರು ಕ್ಯಾಸೆಟ್ಟಿನ ಕವಚ ಬಿಚ್ಚಿ, ಟೇಪನ್ನು ಕೈಯಲ್ಲೇ ಸುತ್ತಿ ಒರೆಸಿ, ಬೇರೆ ಕವಚಕ್ಕೆ ಹಾಕಿಕೊಟ್ಟರು. ಮೂರು ಬದುಕಿದವು. ನಾಲ್ಕನೆಯದು ಬದುಕಲಿಲ್ಲ. ಅದು ಷಷ್ಟ್ಯಬ್ದಿಯದು. ಕೆಟ್ಟ ಡಿವಿಡಿಗಳನ್ನು ಬೇರೆ ಬೇರೆ ಡ್ರೈವುಗಳಲ್ಲಿ ಹಾಕಿ ನೋಡಿದಾಗ ಒಂದು ಡ್ರೈವು ಮೂರನೆಯ ಡಿಸ್ಕಿನಿಂದ ಒಂಬತ್ತು ನಿಮಿಷ ಓದಿತು. ಅದರಲ್ಲಿ ಅಪ್ಪಯ್ಯ ಹೊಸ ಪಂಚೆ ಉಟ್ಟು ಹೋಮದ ಎದುರು ಕೂತಿದ್ದಾರೆ. ಹಿಂದೆ ಕೊಳಲು. ಅಲ್ಲಿ ಅವರು ಏನು ಮಾತಾಡುತ್ತಿದ್ದರೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಅಮ್ಮ ಆ ಒಂಬತ್ತು ನಿಮಿಷವನ್ನು ನೋಡಿ, "ಸಾಕು, ಮುಖ ಕಂಡಿತಲ್ಲ" ಅಂದಳು.

ಹದಿಮೂರು ಕ್ಯಾಸೆಟ್ಟು, ಇಪ್ಪತ್ತಾರು ಗಂಟೆ. ಗಂಟೆಗೆ ಸುಮಾರು 13 ಜಿಬಿಯಂತೆ 340 ಜಿಬಿಯ ಹತ್ತಿರ. ಏನನ್ನೂ ಕತ್ತರಿಸಲಿಲ್ಲ. ಹಿಮದ ಚುಕ್ಕೆಗಳೂ ಹಾಗೇ ಇವೆ. ಒಂದು ಹಾರ್ಡ್ ಡಿಸ್ಕು ಮನೆಯಲ್ಲಿ, ಒಂದು ಬೆಂಗಳೂರಿನಲ್ಲಿ, ಒಂದು ಅಣ್ಣನ ಬಳಿ. ಅಮ್ಮನ ನೋಟುಬುಕ್ಕಿನ ಪ್ರತಿ ಪುಟದ ಚಿತ್ರವೂ ಅದರಲ್ಲೇ ಇದೆ. ಗುಡ್ಡದಾಚೆಯ ಅತ್ತೆಯ ಮನೆಯಲ್ಲಿ ಇವತ್ತಿಗೂ ಡಿವಿಡಿ ಪ್ಲೇಯರ್ ಮಾತ್ರ ಇರುವುದರಿಂದ ಅವರಿಗಾಗಿ ಡಿಸ್ಕನ್ನೂ ಮಾಡಿದೆ. ಒಂದೊಂದಕ್ಕೆ ಎರಡು ಗಂಟೆ, ಹದಿಮೂರು ಡಿಸ್ಕು. ಸ್ಟಿಕರ್ ಹಾಕಲಿಲ್ಲ. ಮಧ್ಯದ ಪಾರದರ್ಶಕ ವೃತ್ತದ ಮೇಲೆ ಡಿಸ್ಕಿಗೆಂದೇ ಇರುವ ಮಾರ್ಕರ್ ಪೆನ್ನಿನಿಂದ ಸಂವತ್ಸರ ಬರೆದೆ. ಕ್ಯಾಸೆಟ್ಟುಗಳು ಡಬ್ಬದಲ್ಲೇ ಇವೆ. ಅಕ್ಕಿ ಬದಲಾಯಿಸುವ ಕೆಲಸ ಈಗ ನನ್ನದು.

ಅಪ್ಪಯ್ಯನ ಕಾಲದಲ್ಲಿ ಆಯುಧಪೂಜೆಯ ದಿನ ಕತ್ತಿ, ದೋಟಿ, ಪಂಪ್‌ಸೆಟ್ಟಿನ ಜೊತೆ ಆ ಹ್ಯಾಂಡಿಕ್ಯಾಮಿಗೂ ಕುಂಕುಮ ಬೀಳುತ್ತಿತ್ತು. ಈಗ ಆ ದಿನವೇ ನಾವು ಹಾರ್ಡ್ ಡಿಸ್ಕು ತೆಗೆದು, ಎಲ್ಲ ಕಡತವನ್ನೂ ತೆರೆದು ನೋಡುತ್ತೇವೆ. 2024ರಲ್ಲಿ ಮನೆಯ ಡಿಸ್ಕು ಸದ್ದು ಮಾಡಲು ಶುರುಮಾಡಿತ್ತು. ಹೊಸದನ್ನು ತಂದು ನಕಲಿಗೆ ಹಾಕಿದೆವು. ಅಮ್ಮ, "ಇದು ಎಷ್ಟು ವರ್ಷ?" ಅಂತ ಕೇಳಿದಳು. "ಐದು ಅಂತ ಇಟ್ಟುಕೊಳ್ಳುವ" ಅಂದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿ, "ಅಷ್ಟೊತ್ತಿಗೆ ಇವಳೇ ಮಾಡ್ತಾಳೆ" ಅಂತ ನನ್ನ ಮಗಳ ಕಡೆ ನೋಡಿದಳು.

ಮಗಳು ಆ ಹೊತ್ತಿಗೆ ಫೋನು ಹಿಡಿದು ಅಂಗಳಕ್ಕೆ ಇಳಿದಿದ್ದಳು. ಪೂಜೆಗೆ ಇಟ್ಟ ಸಾಮಾನುಗಳ ವಿಡಿಯೋ ಮಾಡಿ ದೊಡ್ಡಪ್ಪನಿಗೆ ಕಳಿಸಬೇಕಂತೆ. ಫೋನನ್ನು ಮೊದಲು ತುಳಸಿಕಟ್ಟೆಗೆ ತಿರುಗಿಸಿದಳು.

"ದೊಡ್ಡಪ್ಪಾ, ಕ್ರೋಧಿ ಸಂವತ್ಸರ, ಆಶ್ವಯುಜ ಮಾಸ, ಶುದ್ಧ ನವಮಿ. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ."

ಅಮ್ಮ ಜಗಲಿಯಿಂದಲೇ, "ಕೊನೆ ಕೊಯ್ಲು ಶುರುವಾಗಿಲ್ಲ ಅಂತಲೂ ಹೇಳು" ಅಂದಳು. ಅದೂ ಅದರಲ್ಲಿ ಬಂದಿದೆ.